ಮುನ್ನೂರಿಪ್ಪತ್ತರ ಭ್ರಮೆ ಮತ್ತು ಅಜ್ಜಿಯ ಹಸೆ ಹಾಡು

ಮೊನ್ನೆ ಊಟದ ಹೊತ್ತಲ್ಲಿ ಆಫೀಸಿನ ಗೆಳೆಯನೊಬ್ಬ ಬಂದು ಪಕ್ಕದಲ್ಲಿ ಕೂತ. "ಮಗಾ, ಯೂಟ್ಯೂಬಿಂದ ಹಾಡು ಇಳಿಸೋಕೆ ಒಂದು ಸೈಟ್ ಸಿಕ್ಕಿದೆ. ಮುನ್ನೂರಿಪ್ಪತ್ತು ಕೆಬಿಪಿಎಸ್ ಕೊಡತ್ತೆ. ಫ್ಲ್ಯಾಕ್ ಕೂಡ ಇದೆ. ಯಾವುದು ಇಳಿಸ್ಲಿ?" ಅಂದ. ಅವನ ಕಿವಿಯಲ್ಲಿ ಸಾವಿರದೈನೂರು ರೂಪಾಯಿಯ ಬ್ಲೂಟೂತ್ ಇಯರ್‌ಬಡ್. ನಾನು ಮೊಸರನ್ನ ಕಲಸ್ತಾ "ಎರಡೂ ಬೇಡ" ಅಂದೆ. ಅವನಿಗೆ ಸಿಟ್ಟು ಬಂತು. "ಹೋಗಿ ಹೋಗಿ ನಿನ್ನ ಕೇಳಿದ್ನಲ್ಲ" ಅಂತ ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದ.

ಅವತ್ತು ಅವನಿಗೆ ಹೇಳದೆ ಉಳಿದಿದ್ದನ್ನ ಇಲ್ಲಿ ಬರೆದು ಹಾಕ್ತಾ ಇದ್ದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ. ಇದರಲ್ಲಿ ನನ್ನದೇ ಒಂದು ತಪ್ಪಿನ ಕತೆಯೂ ಇದೆ. ಅದನ್ನ ಒಪ್ಪಿಕೊಳ್ಳದೆ ಬೇರೆಯವರಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ.

ಮೊದಲು ಆ ಮುನ್ನೂರಿಪ್ಪತ್ತರ ಸಮಾಚಾರ. ಯೂಟ್ಯೂಬಿಗೆ ನೀವು ಎಷ್ಟೇ ಚೆನ್ನಾಗಿರೋ ಫೈಲ್ ಏರಿಸಿ, ಅವರು ಅದನ್ನ ತಮಗೆ ಬೇಕಾದ ಹಾಗೆ ಮತ್ತೆ ಕುಗ್ಗಿಸಿ ಇಟ್ಟುಕೊಳ್ತಾರೆ. ಮಾಮೂಲಿಯಾಗಿ ನಮಗೆ ಬಂದು ತಲುಪೋದು ಸುಮಾರು 128 ಕೆಬಿಪಿಎಸ್‌ನ ಎಎಸಿ, ಇಲ್ಲವಾದರೆ 160ರ ಆಸುಪಾಸಿನ ಓಪಸ್. ಈ 'ಡೌನ್‌ಲೋಡರ್' ಸೈಟುಗಳು ಮಾಡೋದು ಇಷ್ಟೇ: ಅದನ್ನ ಬಿಚ್ಚಿ, 320ರ ಎಂಪಿ3 ಅನ್ನೋ ದೊಡ್ಡ ಕ್ಯಾನಿಗೆ ಸುರಿದು ಕೊಡೋದು. ಅರ್ಧ ಲೀಟರ್ ಹಾಲನ್ನ ಎರಡು ಲೀಟರಿನ ಕ್ಯಾನಿಗೆ ಸುರಿದರೆ ಹಾಲು ಎರಡು ಲೀಟರ್ ಆಗತ್ತಾ? ಸುರಿಯುವಾಗ ಒಂದಿಷ್ಟು ಚೆಲ್ಲತ್ತೆ, ಅಷ್ಟೇ. ಫ್ಲ್ಯಾಕ್ ಕ್ಯಾನಿಗೆ ಸುರಿದರೆ ಚೆಲ್ಲಲ್ಲ, ನಿಜ. ಆದರೆ ಕ್ಯಾನು ಇನ್ನೂ ದೊಡ್ಡದು, ಹಾಲು ಮಾತ್ರ ಅದೇ ಅರ್ಧ ಲೀಟರ್. ಫೋನಿನ ಜಾಗ ದಂಡ. ಕಾನೂನು, ಹಾಡಿದವರ ಹೊಟ್ಟೆಪಾಡು ಇವೆಲ್ಲ ಬೇರೆ ಮಾತು, ಅದನ್ನ ಬಿಟ್ಟು ಬರೀ ಲೆಕ್ಕದ ದೃಷ್ಟಿಯಿಂದ ನೋಡಿದರೂ ಇದು ಲಾಸು.

ಯಾಕೆ ವಾಪಸ್ ಬರಲ್ಲ ಅನ್ನೋದಕ್ಕೆ ಸ್ವಲ್ಪ ಒಳಗಿನ ವಿಷಯ. ಸಿ.ಡಿ.ಯಲ್ಲಿ ಸದ್ದನ್ನ ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಟ್ಟಿರ್ತಾರೆ. ಎಡ ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ನಿಮಿಷಕ್ಕೆ ಹೆಚ್ಚುಕಮ್ಮಿ ಹತ್ತು ಎಂ.ಬಿ. ಎಂಪಿ3 ಇದನ್ನ ಹತ್ತನೇ ಒಂದು ಭಾಗಕ್ಕೆ ಇಳಿಸೋದು ನಮ್ಮ ಕಿವಿಯ ಸೋಮಾರಿತನ ನಂಬಿಕೊಂಡು. ಜಾತ್ರೆಯಲ್ಲಿ ಡೊಳ್ಳು ಬಡಿಯುವಾಗ ಪಕ್ಕದಲ್ಲಿ ನಿಂತವರ ಬಳೆ ಸದ್ದು ನಮಗೆ ಕೇಳಿಸಲ್ಲ ಅಲ್ವಾ? ಕೇಳಿಸದ ಮೇಲೆ ಅದನ್ನ ಯಾಕೆ ಬರೆದಿಡಬೇಕು ಅಂತ ಎಸೆದುಬಿಡತ್ತೆ. ಎಸೆದಿದ್ದು ಎಸೆದಂತೆಯೇ. ಎಎಸಿ, ಓಪಸ್ ಇವೂ ಇದೇ ಜಾತಿ, ಎಸೆಯೋದರಲ್ಲಿ ಇನ್ನಷ್ಟು ಜಾಣರು. ಅದಕ್ಕೇ 128ರ ಓಪಸ್ಸು 128ರ ಎಂಪಿ3ಗಿಂತ ಚೆನ್ನಾಗಿ ಕೇಳಿಸತ್ತೆ. ಬರೀ ನಂಬರ್ ನೋಡಿ ಯಾವುದು ಮೇಲು ಅಂತ ತೀರ್ಮಾನಿಸೋದು ದಡ್ಡತನ.

2001ರಲ್ಲಿ ಬಂದ ಫ್ಲ್ಯಾಕ್ ಬೇರೆ ಥರ. ಅದು ಜಿಪ್ ಫೈಲಿದ್ದ ಹಾಗೆ. ಒತ್ತಿ ಸಣ್ಣ ಮಾಡತ್ತೆ, ಬಿಚ್ಚಿದರೆ ಒಂದು ಬಿಟ್ಟೂ ಕಳೆಯದೆ ಮೊದಲಿದ್ದದ್ದೇ ಸಿಗತ್ತೆ. ಗಾತ್ರ ಮಾತ್ರ ಮೂಲದ ಅರ್ಧದಷ್ಟು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ.

ಎಂಪಿ3 ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಜರ್ಮನಿಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡನ್‌ಬರ್ಗ್ ಮತ್ತವರ ಜೊತೆಯವರು ಇದನ್ನ ತಿದ್ದಿ ತೀಡುವಾಗ ಪದೇಪದೇ ಪರೀಕ್ಷೆಗೆ ಬಳಸಿದ ಹಾಡುಗಳಲ್ಲೊಂದು ಸುಝಾನ್ ವೇಗಾ ಹಾಡಿದ 'ಟಾಮ್ಸ್ ಡೈನರ್'. ವಾದ್ಯ ಇಲ್ಲ, ಬರೀ ಕೊರಳು. ದೊಡ್ಡ ಆರ್ಕೆಸ್ಟ್ರಾ ಇದ್ದರೆ ಕುಗ್ಗಿಸಿದ ತಪ್ಪುಗಳು ಅದರಡಿ ಮುಚ್ಚಿಹೋಗತ್ತೆ. ಒಂಟಿ ದನಿಗೆ ಅಡಗಿಕೊಳ್ಳೋಕೆ ಜಾಗವೇ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗತ್ತೆ.

ಹಾಗಂತ ನಾನೇನು 'ಎಲ್ಲರೂ ಫ್ಲ್ಯಾಕೇ ಕೇಳಿ' ಅನ್ನೋ ಪಂಗಡದವನಲ್ಲ. ಒಂದು ಭಾನುವಾರ ನನಗೆ ನಾನೇ ಪರೀಕ್ಷೆ ಮಾಡಿಕೊಂಡೆ. ಸಿ.ಡಿ.ಯಿಂದ ತೆಗೆದ ಫ್ಲ್ಯಾಕ್, ಅದರಿಂದಲೇ ಮಾಡಿದ 256ರ ಎಎಸಿ, ವೈರಿನ ಹೆಡ್‌ಫೋನು. ಯಾವುದು ಯಾವುದು ಅಂತ ಹೆಸರು ಕಾಣದ ಹಾಗೆ ಕೇಳಿ ಹೇಳಬೇಕು. ಹದಿನಾರು ಸಲಕ್ಕೆ ಒಂಬತ್ತು ಸರಿ ಬಂತು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರ್ತಿತ್ತು :-) ಇನ್ನು ಬ್ಲೂಟೂತ್‌ನಲ್ಲಂತೂ ಫೋನು ಆ ಫ್ಲ್ಯಾಕನ್ನ ಬಿಚ್ಚಿ, ಎಸ್‌ಬಿಸಿಗೋ ಎಎಸಿಗೋ ಮತ್ತೆ ಕುಗ್ಗಿಸಿಯೇ ಗಾಳಿಯಲ್ಲಿ ಕಳಿಸೋದು. ಆಪಲ್ ಮ್ಯೂಸಿಕ್ 2021ರಲ್ಲಿ ಲಾಸ್‌ಲೆಸ್ ತಂತು, ಸ್ಪಾಟಿಫೈ 2025ರಲ್ಲಿ. ಬಸ್ಸಿನಲ್ಲಿ ಇಯರ್‌ಬಡ್ ಹಾಕಿಕೊಂಡು ಸಿನಿಮಾ ಹಾಡು ಕೇಳೋ ನಮ್ಮಂಥವರಿಗೆ ಅದರಿಂದ ಆಗೋ ಲಾಭ ಡೇಟಾ ಬೇಗ ಖಾಲಿಯಾಗೋದು.

ಇನ್ನು 'ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಟ್ಟಿದ್ದೀನಿ' ಅನ್ನೋರು. ಅದು ಡೌನ್‌ಲೋಡೇ ಅಲ್ಲ ಸ್ವಾಮಿ, ಬಾಡಿಗೆ ಮನೆಯ ಬೀಗದಕೈ. ಫೈಲಿಗೆ ಬೀಗ ಹಾಕಿರತ್ತೆ, ಆ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯಲ್ಲ. ಸ್ಪಾಟಿಫೈ ಆದರೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಬಂದು ಹಾಜರಿ ಹಾಕಬೇಕು. ಚಂದಾ ನಿಲ್ಲಿಸಿದರೆ ಹಾಡೂ ಹೋಯ್ತು. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ನೀವು ವರ್ಷಗಟ್ಟಲೆ ಜೋಡಿಸಿದ ಪಟ್ಟಿಯಲ್ಲಿ ನಾಲ್ಕು ಹಾಡು ಬೂದಿ ಬಣ್ಣಕ್ಕೆ ತಿರುಗಿರತ್ತೆ. ಯಾವ ಕಂಪನಿಗೂ ಯಾವ ಕಂಪನಿಗೂ ಒಪ್ಪಂದ ಮುರಿಯಿತೋ ನಮಗೆ ಹೇಳೋರಿಲ್ಲ. ಅಂಗಡಿಯೇ ಮುಚ್ಚೋದೂ ಉಂಟು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ, ವಿಂಕ್ 2024ರಲ್ಲಿ ಬಾಗಿಲು ಹಾಕಿದವು. ಫ್ಲಿಪ್‌ಕಾರ್ಟಿನವರ ಫ್ಲೈಟ್ ನೆನಪಿದೆಯಾ? 2012ರಲ್ಲಿ ಶುರುವಾಗಿ 2013ರಲ್ಲೇ ನಿಂತುಹೋಯ್ತು. ಆದರೆ ಅವರು ಮಾರಿದ್ದು ಬೀಗ ಇಲ್ಲದ ಎಂಪಿ3. ಅಂಗಡಿ ಹೋದರೂ ಆಗ ಕೊಂಡವರ ಹಾಡು ಇವತ್ತಿಗೂ ಅವರ ಹತ್ತಿರ ಹಾಡ್ತಾ ಇರಬೇಕು. ಹಾಗಾಗಿ ನಿಜವಾಗಲೂ ಇಷ್ಟವಾದ ಹಾಡನ್ನ, ಸಿಗೋದಾದರೆ, ದುಡ್ಡು ಕೊಟ್ಟು ಫೈಲಾಗಿ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಫ್ಲ್ಯಾಕೇ ಕೊಡ್ತಾರೆ. ಐಟ್ಯೂನ್ಸ್‌ನಲ್ಲಿ ಕೊಂಡ ಹಾಡಿಗೆ 2009ರಿಂದ ಬೀಗ ಇಲ್ಲ.

(ನಡುವೆ ಕನ್ನಡದವರಿಗೆ ಒಂದು ಕಿವಿಮಾತು. ಎಂಪಿ3ಯ ಹಳೇ ಟ್ಯಾಗಿನಲ್ಲಿ ಹಾಡಿನ ಹೆಸರಿಗೆ ಇದ್ದ ಜಾಗ ಬರೀ 30 ಬೈಟ್. ನಮ್ಮ ಯೂನಿಕೋಡ್ ಕನ್ನಡಕ್ಕೆ ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್, ಒತ್ತಕ್ಷರ, ಕೊಂಬು, ದೀರ್ಘ ಎಲ್ಲಕ್ಕೂ ಬೇರೆಬೇರೆ ಲೆಕ್ಕ. ಹತ್ತು ಸಂಕೇತಕ್ಕೆ ಜಾಗ ಮುಗೀತು! ಹೊಸ ಐಡಿ3 ಟ್ಯಾಗಿನಲ್ಲೂ ಫ್ಲ್ಯಾಕ್‌ನಲ್ಲೂ ಈ ರಗಳೆ ಇಲ್ಲ. ಹಾಡಿನ ಹೆಸರನ್ನ ಕನ್ನಡದಲ್ಲೇ ಬರೆಯಿರಿ, ಕವಿಯ ಹೆಸರು ಬರೆಯೋದು ಮರೀಬೇಡಿ. ಭಾವಗೀತೆಗೆ ಹಾಡಿದವರ ಹೆಸರಷ್ಟೇ ಇಟ್ಟು ಬರೆದವರನ್ನ ಬಿಟ್ಟುಬಿಡೋ ಆ್ಯಪ್‌ಗಳನ್ನ ಕಂಡರೆ ನನಗೆ ಮೈ ಉರಿಯತ್ತೆ.)

ಈಗ ನನ್ನ ತಪ್ಪಿಗೆ ಬರ್ತೀನಿ.

ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ಸಾಗರದ ಕಡೆಯವರು. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹಸೆಗೆ ಕರೆಯೋ ಹಾಡಿಗೆ ಅಜ್ಜಿ ಬೇಕು. 1996ರಲ್ಲಿ ಚಿಕ್ಕಮ್ಮನ ಮದುವೆಯಾದಾಗ ಮಾವ ಒಂದು ಟೂ-ಇನ್-ವನ್ ಇಟ್ಟು ಅಜ್ಜಿ ಹಾಡಿದ್ದನ್ನ ಕ್ಯಾಸೆಟ್ಟಿನ ಒಂದು ಸೈಡು ಪೂರ್ತಿ ತುಂಬಿಸಿದ್ದರು. ಅರ್ಧ ಗಂಟೆ. ವಾದ್ಯ ಗೀದ್ಯ ಏನೂ ಇಲ್ಲ, ಅಜ್ಜಿಯ ಕೊರಳು, ಹಿಂದಿನಿಂದ ದನಿಗೂಡಿಸೋ ಇಬ್ಬರು ಹೆಂಗಸರು, ಆಗಾಗ ಬಳೆ ಸದ್ದು. 2004ರಲ್ಲಿ ಅಜ್ಜಿ ಹೋದರು. ಕ್ಯಾಸೆಟ್ಟು ಉಳೀತು.

2013ರಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ರಜೆಗೆ ನಾನು ಅಲ್ಲಿಗೆ ಹೋಗಿದ್ದೆ. ಆಗ ನನ್ನ ಕೈಗೆ ಹೊಸದಾಗಿ ಮೊಬೈಲು ಬಂದಿತ್ತು, ಎರಡು ಜಿ.ಬಿ. ಕಾರ್ಡು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರೋ ಹುಡುಗ ಅನ್ನೋ ಬಿರುದು ಬೇರೆ. ಮಲೆನಾಡಿನ ಮಳೆಗೆ ಕ್ಯಾಸೆಟ್ಟಿಗೆ ಬೂಷ್ಟು ಬರೋಕೆ ಶುರುವಾಗಿದೆ, ಇದನ್ನ 'ಡಿಜಿಟಲ್' ಮಾಡಿಬಿಡ್ತೀನಿ ಅಂತ ಹೊರಟೆ. ಏನು ಮಾಡಿದೆ ಗೊತ್ತಾ? ಟೂ-ಇನ್-ವನ್ನಿನ ಸ್ಪೀಕರ್ ಮುಂದೆ ಮೊಬೈಲು ಇಟ್ಟು ವಾಯ್ಸ್ ರೆಕಾರ್ಡರ್ ಒತ್ತಿದೆ. ಅದು ಉಳಿಸಿದ್ದು ಎಎಂಆರ್ ಫೈಲು. ಎಎಂಆರ್ ಅಂದರೆ ಫೋನಿನಲ್ಲಿ ಮಾತಾಡೋಕೆ ಅಂತ ಮಾಡಿದ್ದು. ಸೆಕೆಂಡಿಗೆ 8,000 ಅಳತೆ ಮಾತ್ರ, ಹಾಗಾಗಿ 4,000 ಹರ್ಟ್ಸ್‌ನಿಂದ ಮೇಲಿನದ್ದು ಏನೂ ಅದರಲ್ಲಿ ಇರೋಕೇ ಸಾಧ್ಯವಿಲ್ಲ. ಹೆಚ್ಚೆಂದರೆ 12.2 ಕೆಬಿಪಿಎಸ್. ಅಜ್ಜಿಯ ಅರ್ಧ ಗಂಟೆ ಮೂರು ಎಂ.ಬಿ.ಯೊಳಗೆ ಕೂತುಬಿಟ್ಟಿತು. "ನೋಡಿ, ಎಷ್ಟು ಸಣ್ಣ ಆಯ್ತು!" ಅಂತ ಮಾವನಿಗೆ ಹೆಮ್ಮೆಯಿಂದ ತೋರಿಸಿದ್ದೆ.

ಮುಂದಿನ ಮಳೆಗಾಲದಲ್ಲಿ ಯಾರೋ ಹಾಕುವಾಗ ರೀಲು ಸುತ್ತಿಕೊಂಡು ಕಿತ್ತುಬಂತಂತೆ. 'ಹೇಗೂ ಮಾಣಿ ಮೊಬೈಲಿಗೆ ಹಾಕಿಕೊಂಡಿದ್ದಾನಲ್ಲ' ಅಂತ ಎಸೆದರು. ಅವರದ್ದೇನೂ ತಪ್ಪಿಲ್ಲ. ಎಸೆಯಬಹುದು ಅನ್ನೋ ಧೈರ್ಯ ಕೊಟ್ಟವನು ನಾನು.

ಈ ವರ್ಷ ಅಕ್ಕನ ಮದುವೆ. ಹಸೆಗೆ ಕರೆಯುವಾಗ ಅಜ್ಜಿಯ ಹಾಡೇ ಹಾಕಬೇಕು ಅಂತ ಅಮ್ಮನ ಆಸೆ. ಹಳೇ ಫೈಲು ಹುಡುಕಿ ತೆಗೆದು ದೊಡ್ಡ ಸ್ಪೀಕರಿಗೆ ಕೊಟ್ಟೆ. ಬಾವಿಯೊಳಗಿಂದ ಯಾರೋ ಫೋನಲ್ಲಿ ಮಾತಾಡಿದ ಹಾಗೆ. ಸ, ಶ ಎರಡಕ್ಕೂ ವ್ಯತ್ಯಾಸ ಇಲ್ಲ. ಬಳೆ ಸದ್ದು ಪೂರ್ತಿ ನಾಪತ್ತೆ. ಎಂಪಿ3 ಮಾಡಿದೆ, ಫ್ಲ್ಯಾಕ್ ಮಾಡಿದೆ, ಇಷ್ಟೆಲ್ಲ ಗೊತ್ತಿದ್ದೂ ಮಾಡಿದೆ ನೋಡಿ. ಕೊನೆಗೆ ಹಳೇ ರೆಕಾರ್ಡಿಂಗ್ ಸರಿಮಾಡಿ ಕೊಡೋ ಎಐ ಸಾಧನವೊಂದಕ್ಕೂ ಹಾಕಿದೆ. ಅದು ಕಳೆದುಹೋದ ಮೇಲಿನ ಸ್ವರಗಳನ್ನೆಲ್ಲ ಊಹಿಸಿ ತುಂಬಿ ಕೊಟ್ಟಿತು. ಕೇಳೋಕೆ ಸ್ಟುಡಿಯೋದಲ್ಲಿ ಹಾಡಿದಷ್ಟು ಸ್ವಚ್ಛ. ಖುಷಿಯಿಂದ ಅಮ್ಮನಿಗೆ ಕೇಳಿಸಿದೆ. ಅಮ್ಮ ಎರಡು ಸಾಲು ಕೇಳಿ, "ಯಾರೋ ಚೆನ್ನಾಗಿ ಹಾಡಿದ್ದಾರೆ. ಇದು ಅಮ್ಮನ ದನಿ ಅಲ್ಲ ಕಣೋ. ಮೊದಲಿನದ್ದೇ ಹಾಕು" ಅಂದರು. ಮದುವೆ ದಿನ ಬಾವಿಯೊಳಗಿನ ದನಿಯೇ ಹಾಕಿದ್ದು. ಅದಕ್ಕೂ ಅಮ್ಮ ಅತ್ತರು.

ನನ್ನ ತಕರಾರು ಇರೋದು ಇಲ್ಲೇ. ಫಾರ್ಮ್ಯಾಟ್ ಬಗ್ಗೆ ನಾವು ಜಗಳ ಆಡೋದೆಲ್ಲ ಕಳೆದುಹೋಗೋ ಭಯವೇ ಇಲ್ಲದ ಹಾಡುಗಳಿಗಾಗಿ. ಅಶ್ವತ್ಥರು ಹಾಡಿದ ಶಿಶುನಾಳ ಶರೀಫರ ಪದಗಳು ಕಂಪನಿಗಳ ಹತ್ತಿರವೂ ಇವೆ, ಸಾವಿರಾರು ಮನೆಗಳಲ್ಲೂ ಇವೆ. ಅದನ್ನ ನೀವು 128ರಲ್ಲಿ ಕೇಳಿದರೂ ಲೋಕ ಮುಳುಗಲ್ಲ, ನಾಳೆ ಇನ್ನೊಂದು ಒಳ್ಳೇ ಪ್ರತಿ ಸಿಗತ್ತೆ. ಆದರೆ ಜಗತ್ತಿನಲ್ಲೇ ಒಂದೇ ಪ್ರತಿ ಇರೋದನ್ನ, ಅಜ್ಜನ ಭಜನೆ, ಅಕ್ಕಪಕ್ಕದವರ ಸೋಬಾನೆ, ಊರಿನ ಬಯಲಾಟ, ಇವನ್ನ ನಾವು ವಾಟ್ಸಾಪ್ ವಾಯ್ಸ್ ನೋಟ್ ಮಾಡಿ ಗ್ರೂಪಿಗೆ ಹಾಕಿ ಮುಗಿಸ್ತೀವಿ. ಕಾಳಿಂಗ ನಾವಡರು ತೀರಿಕೊಂಡಿದ್ದು 1990ರಲ್ಲಿ. ಅವರ ಭಾಗವತಿಕೆ ಇವತ್ತಿಗೂ ನಮಗೆ ಸಿಗ್ತಿದ್ದರೆ ಅದರಲ್ಲಿ ಬಹಳಷ್ಟು ಆಟದ ರಾತ್ರಿ ಟೇಪ್ ರೆಕಾರ್ಡರ್ ಹಿಡಿದು ಕೂತಿದ್ದ ಅಭಿಮಾನಿಗಳ ಪುಣ್ಯ. ಅಂಥ ಟೇಪನ್ನ ಯೂಟ್ಯೂಬಿಗೆ ಹಾಕೋದು ಒಳ್ಳೇದೇ, ಎಲ್ಲರಿಗೂ ಸಿಗತ್ತೆ. ಹಾಕಿದ ಮೇಲೆ ಮೂಲ ಫೈಲನ್ನ ಅಳಿಸಿಬಿಡಬೇಡಿ ಅಷ್ಟೇ. ಅಲ್ಲಿಂದ ವಾಪಸ್ ಇಳಿಸಿಕೊಂಡರೆ ಸಿಗೋದು ಅವರು ಕುಗ್ಗಿಸಿದ್ದು, ನೀವು ಕೊಟ್ಟಿದ್ದಲ್ಲ.

ಮಾಡೋದು ಕಷ್ಟವೇನಲ್ಲ. ಕ್ಯಾಸೆಟ್ ಡೆಕ್ಕಿನ ಲೈನ್ ಔಟ್‌ನಿಂದ (ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ) ಒಂದು ವೈರು, ಕಂಪ್ಯೂಟರಿಗೆ ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡು, ಪುಕ್ಕಟೆ ಸಿಗೋ ಆಡಾಸಿಟಿ. ಹಾಕೋಕೆ ಮುಂಚೆ ಹೆಡ್ ಒರೆಸಿ, ಬೂಷ್ಟು ಬಂದಿದ್ದರೆ ಹಾಗೇ ಹಾಕಬೇಡಿ. ಫ್ಲ್ಯಾಕ್‌ನಲ್ಲಿ ಉಳಿಸಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಮುನ್ನೂರು ನಾನೂರು ಎಂ.ಬಿ. ಆಗಬಹುದು, ಇವತ್ತಿನ ಹಾರ್ಡ್‌ಡಿಸ್ಕಿಗೆ ಅದೇನು ಮಹಾ. 'ಸುಯ್' ಅನ್ನೋ ಸದ್ದು ತೆಗೆಯೋದು, ಚೆಂದ ಮಾಡೋದು ಏನಿದ್ದರೂ ನಕಲಿನ ಮೇಲೆ ಮಾಡಿ, ಮೂಲ ಮುಟ್ಟಬೇಡಿ. ಗ್ರೂಪಿಗೆ ಕಳಿಸೋಕೆ ಅದರಿಂದಲೇ ಸಣ್ಣದೊಂದು ಎಂಪಿ3 ಮಾಡಿಕೊಳ್ಳಿ. ಇನ್ನೂ ಹಾಡ್ತಾ ಇರೋ ಅಜ್ಜಿ ಮನೆಯಲ್ಲಿದ್ದರೆ ನೀವು ಪುಣ್ಯವಂತರು. ರೆಕಾರ್ಡ್ ಮಾಡುವಾಗ ಫೋನಿನ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಎವಿ ಅಥವಾ ಲಾಸ್‌ಲೆಸ್ ಇದ್ದರೆ ಅದನ್ನೇ ಹಾಕಿಕೊಳ್ಳಿ, ಫ್ಯಾನ್ ಆರಿಸಿ. ಕ್ಯಾಸೆಟ್ಟನ್ನ ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ.

ಹೋದ ವಾರ ಮಾವನಿಗೆ ಫೋನ್ ಮಾಡಿದ್ದೆ. ಅಟ್ಟದ ಮೇಲೆ ಒಂದು ಬಿಸ್ಕೆಟ್ ಡಬ್ಬದಲ್ಲಿ ಇನ್ನೂ ಹನ್ನೊಂದು ಕ್ಯಾಸೆಟ್ ಇವೆಯಂತೆ, ಯಾವುದರ ಮೇಲೂ ಏನೂ ಬರೆದಿಲ್ಲವಂತೆ. "ಹಾಕಿ ನೋಡ್ಲಾ?" ಅಂದರು. ಬೇಡ ಮಾವ, ಮುಟ್ಟಬೇಡಿ, ಅದನ್ನ ಹಾಗೇ ತಂದು ಒಣಗಿರೋ ಜಾಗದಲ್ಲಿ ಇಡಿ, ನಾನೇ ಬರ್ತೀನಿ ಅಂದೆ. ಸೆಕೆಂಡ್ ಹ್ಯಾಂಡ್ ಡೆಕ್ ಒಂದನ್ನ ಹುಡುಕಿ ಇಟ್ಟಿದ್ದೀನಿ. ದೀಪಾವಳಿ ರಜೆಗೆ ಟಿಕೆಟ್ ಆಗಿದೆ.