ಪಹಣಿ ಮತ್ತೆ ಸಿಗುತ್ತೆ, ಪೈರಿನ ಫೋಟೊ ಸಿಗಲ್ಲ: ಮೆಮರಿ ಕಾರ್ಡ್ ಬಗ್ಗೆ ಒಂದಿಷ್ಟು

ಇವತ್ತು ಬೆಳೆ ಬಗ್ಗೆ ಬರೀತಿಲ್ಲ, ಬೆಳೆಯ ಲೆಕ್ಕ ಇಡೋ ಒಂದು ಸಣ್ಣ ಸಾಮಾನಿನ ಬಗ್ಗೆ ಬರೀತಿದ್ದೀನಿ. ಉಗುರಿನಷ್ಟು ದೊಡ್ಡದಿರೋ ಮೆಮರಿ ಕಾರ್ಡ್. ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಬಿಡದಿ, ಕುಂಬಳಗೋಡು ಕಡೆಯಿಂದ ಬೆಂಗಳೂರಿಗೆ ಹೋಗೋ ನಮಗೆಲ್ಲ ಸ್ಯಾಟಲೈಟ್ ಬಸ್ ನಿಲ್ದಾಣ, ಬಾಪೂಜಿ ನಗರ ಅಂದ್ರೆ ಸಿಟಿಯ ಬಾಗಿಲು ಇದ್ದ ಹಾಗೆ. ಮೋಟರ್ ಸಾಮಾನು, ಪೈಪು, ಫೋನಿನ ರಿಪೇರಿ ಎಲ್ಲಾ ಅಲ್ಲೇ ಆಸುಪಾಸಲ್ಲಿ ಮುಗಿಸಿಕೊಂಡು ವಾಪಸ್ ಬಸ್ ಹತ್ತೋರು ನಾವು. ಕೀಪ್ಯಾಡ್ ಫೋನಿನ ಕಾಲದಲ್ಲಿ ಬಸ್ ನಿಲ್ದಾಣದ ಹತ್ರದ ಅಂಗಡಿಗಳಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಡ್ತಿದ್ರು, ನೆನಪಿರಬೇಕು. ಅಣ್ಣಾವ್ರ ಹಾಡು, ಹರಿಕಥೆ, ದೇವರ ಹಾಡು ಎಲ್ಲಾ ಒಂದೇ ಕಾರ್ಡಿನಲ್ಲಿ. ಈಗ ಅದೇ ಅಂಗಡಿಗಳಲ್ಲಿ ಕಾರ್ಡ್ ಕೇಳಿದ್ರೆ ಹುಡುಗರು "ಯಾರು ಸಾರ್ ಈಗ ಕಾರ್ಡ್ ಹಾಕ್ತಾರೆ, ಎಲ್ಲಾ ಕ್ಲೌಡ್‌ಗೆ ಹಾಕಿ, ಇಲ್ಲಾಂದ್ರೆ 256 ಜಿಬಿ ಫೋನ್ ತಗೊಳ್ಳಿ" ಅಂತಾರೆ.

ನಾನು ಇದನ್ನ ಒಪ್ಪಲ್ಲ. ಸಿಟಿಯೋರಿಗೆ ಆ ಮಾತು ಸರಿ ಇರಬಹುದು. ರೈತನಿಗೆ ಕಾರ್ಡ್ ಇನ್ನೂ ಬೇಕು. ಆದ್ರೆ ಹಾಡು-ಸಿನಿಮಾ ತುಂಬಿಸೋದಕ್ಕಲ್ಲ, ಜಮೀನಿನ ಫೋಟೊ ಇಡೋದಕ್ಕೆ. ಅದನ್ನ ಸರಿಯಾಗಿ ಹಾಕೋದು ಹೇಗೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಫೋಟೊ ಯಾಕೆ ಅಷ್ಟು ಮುಖ್ಯ ಅಂತೀರಾ? ಪಹಣಿ ಕಳೆದು ಹೋದ್ರೆ ಭೂಮಿ ತಂತ್ರಾಂಶದಲ್ಲಿ ಮತ್ತೆ ಸಿಗುತ್ತೆ. ಆಧಾರ್ ಕಾರ್ಡ್ ಮತ್ತೆ ತೆಗೆಸಬಹುದು. ಆದ್ರೆ ಆಗಸ್ಟ್ ತಿಂಗಳಲ್ಲಿ ನಿಮ್ಮ ಹೊಲದಲ್ಲಿ ರಾಗಿ ನಿಂತಿತ್ತು ಅನ್ನೋ ಫೋಟೊ ಡಿಸೆಂಬರ್‌ನಲ್ಲಿ ಯಾವ ಕಚೇರಿಯಲ್ಲೂ ಸಿಗಲ್ಲ. ಆಮೇಲೆ ತೆಗೀತೀನಿ ಅಂದ್ರೂ ಪೈರು ಅಲ್ಲಿರಲ್ಲ.

ಈಗ ಎಲ್ಲಾ ಫೋಟೊ ಮೇಲೆ ನಿಂತಿದೆ. 2020ರ ಮುಂಗಾರಿನಿಂದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಾವೇ ಫೋಟೊ ತೆಗೆದು ಹಾಕಬಹುದು. ನಾವು ಹಾಕದಿದ್ರೆ ಊರಿಗೆ ನೇಮಿಸಿದ ಖಾಸಗಿ ನಿವಾಸಿ ಬಂದು ಹಾಕ್ತಾರೆ. ಆ ಮಾಹಿತಿ ಆಧಾರದ ಮೇಲೇ ಪಹಣಿಯ ಬೆಳೆ ಕಾಲಂ, ಬೆಂಬಲ ಬೆಲೆಯ ರಾಗಿ ಖರೀದಿ, ಬೆಳೆ ಪರಿಹಾರ, ಬೆಳೆ ವಿಮೆ ಎಲ್ಲಾ ನಡೆಯೋದು. ರಾಗಿ ಇಟ್ಟ ಹೊಲಕ್ಕೆ ಬೇರೆ ಬೆಳೆ ಅಂತ ದಾಖಲಾಗಿದ್ರೆ ಖರೀದಿ ಕೇಂದ್ರದ ಮುಂದೆ ಮೂಟೆ ಇಟ್ಕೊಂಡು ನಿಲ್ಲಬೇಕಾಗುತ್ತೆ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಹಾಕೋಕೆ ಅವಕಾಶ ಇದೆ. ಆದ್ರೆ ಬರೀ ಬಾಯಿ ಮಾತಿಗಿಂತ ತಾರೀಖು, ಜಾಗ ಇರೋ ಫೋಟೊ ಕೈಲಿದ್ರೆ ಮಾತಿಗೆ ತೂಕ ಬರುತ್ತೆ.

ಫಸಲ್ ಬಿಮಾದಲ್ಲೂ ಅಷ್ಟೆ. ಆಲಿಕಲ್ಲು ಬಿತ್ತು, ಹೊಲ ಮುಳುಗಿತು ಅಂದ್ರೆ 72 ಗಂಟೆ ಒಳಗೆ ತಿಳಿಸಬೇಕು. ಕುಯ್ದು ಒಣಗೋಕೆ ಹರಡಿದ ಫಸಲು ಅಕಾಲ ಮಳೆಗೆ ಹಾಳಾದ್ರೆ 14 ದಿನದವರೆಗೂ ವಿಮೆಯ ಲೆಕ್ಕಕ್ಕೆ ಬರುತ್ತೆ, ಅದನ್ನೂ 72 ಗಂಟೆಯಲ್ಲೇ ಹೇಳಬೇಕು. ಆ ಹೊತ್ತಲ್ಲಿ ಫೋನ್ ತೆಗೆದ್ರೆ "ಸ್ಟೋರೇಜ್ ಫುಲ್" ಅಂತ ಬಂದ್ರೆ ಏನು ಮಾಡ್ತೀರಿ? ಗುಡ್ ಮಾರ್ನಿಂಗ್ ಫೋಟೊ ಅಳಿಸ್ತಾ ಕೂರ್ತೀರಾ?

ಇನ್ನೊಂದು ನಮ್ಮ ಕಡೆಯದೇ ವಿಷಯ. ಬಿಡದಿ ಟೌನ್‌ಶಿಪ್‌ಗೆ ಜಮೀನು ಗುರುತು ಮಾಡಿರೋ ಊರುಗಳೋರಿಗೆ ಗೊತ್ತು. ಜಮೀನು ಕೊಡ್ಬೇಕು, ಕೊಡಬಾರದು ಅನ್ನೋದು ಬೇರೆ ಚರ್ಚೆ, ಅದನ್ನ ಇಲ್ಲಿ ತೆಗೆಯಲ್ಲ. ಆದ್ರೆ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಮಣ್ಣಿಗಷ್ಟೇ ಅಲ್ಲ, ಅದರ ಮೇಲಿರೋ ಮರ, ಕಟ್ಟಡ, ಬೆಳೆಗೂ ಬೆಲೆ ಕಟ್ಟಬೇಕು ಅಂತಿದೆ. ತೆಂಗು ಎಷ್ಟು, ಮಾವು ಎಷ್ಟು, ಹುಳು ಮನೆ ಎಷ್ಟು ಉದ್ದ, ಬೋರ್‌ವೆಲ್ ಎಲ್ಲಿದೆ, ಇದಕ್ಕೆಲ್ಲ ವರ್ಷ ವರ್ಷದ ಫೋಟೊ ಇಟ್ಟೋನು ಮಹಜರಿನ ದಿನ ಧೈರ್ಯವಾಗಿ ಮಾತಾಡ್ತಾನೆ. ಜಮೀನು ಹೋಗದೇ ಇದ್ರೂ ಆ ಫೋಟೊ ದಂಡ ಅಲ್ಲ. ಹಿಪ್ಪುನೇರಳೆಗೆ ಎಲೆ ಸುರುಳಿ ಹುಳು ಹೋದ ವರ್ಷ ಯಾವ ತಿಂಗಳು ಬಂತು ಅಂತ ನೋಡೋಕಾದರೂ ಆಗುತ್ತೆ.

ಈಗ ಕಾರ್ಡಿನ ವಿಷಯಕ್ಕೆ ಬರ್ತೀನಿ.

ಮೊದಲು ಫೋನ್ ನೋಡಿ. ಕೆಲವು ಫೋನ್‌ಗಳಲ್ಲಿ ಎರಡು ಸಿಮ್ ಮತ್ತು ಕಾರ್ಡ್‌ಗೆ ಬೇರೆ ಬೇರೆ ಜಾಗ ಇರುತ್ತೆ. ಕೆಲವದರಲ್ಲಿ ಎರಡನೇ ಸಿಮ್ ಇಲ್ಲವೇ ಕಾರ್ಡ್, ಎರಡರಲ್ಲಿ ಒಂದೇ. ಕೆಲವದರಲ್ಲಿ ಕಾರ್ಡಿಗೆ ಜಾಗವೇ ಇಲ್ಲ. ಹೊಲದಲ್ಲಿ ಒಂದು ಕಂಪನಿ ಸಿಗ್ನಲ್, ಮನೆಯಲ್ಲಿ ಇನ್ನೊಂದು ಅಂತ ಎರಡು ಸಿಮ್ ಇಟ್ಟೋರು ನಾವು. ಹೊಸ ಫೋನ್ ತಗೊಳ್ಳುವಾಗ ಕ್ಯಾಮೆರಾ ಎಷ್ಟು ಅಂತ ಕೇಳೋ ಮೊದಲು ಟ್ರೇ ಹೊರಗೆ ಎಳೆಸಿ ನೋಡಿ.

ಸೈಜು: ಬರೀ ಜಮೀನಿನ ಫೋಟೊಗೆ 32 ಜಿಬಿ ಧಾರಾಳ. ಒಂದು ಫೋಟೊ ನಾಲ್ಕು ಎಂಬಿ ಅಂದ್ರೂ ಏಳು ಸಾವಿರಕ್ಕೂ ಹೆಚ್ಚು ಹಿಡಿಸುತ್ತೆ. ವಿಡಿಯೊ ಜಾಸ್ತಿ ತೆಗೆಯೋರು 64 ಅಥವಾ 128 ತಗೊಳ್ಳಿ. 32ರ ಕಾರ್ಡ್ ಕೆಲವು ಫೋನ್‌ಗಳಲ್ಲಿ 29 ಅಂತ ತೋರಿಸುತ್ತೆ. ಅದು ಮೋಸ ಅಲ್ಲ. ಕಾರ್ಡ್ ಕಂಪನಿಯೋರು 1000ದ ಲೆಕ್ಕ ಹಿಡೀತಾರೆ, ಫೋನು 1024ರ ಲೆಕ್ಕ ಹಿಡಿಯುತ್ತೆ. ಕಾರ್ಡಿನ ಮೇಲೆ ಇಂಗ್ಲಿಷಿನ 'ಸಿ' ಅಕ್ಷರದ ಒಳಗೆ 10 ಅಂತ ಇದ್ರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುತ್ತೆ ಅಂತ ಅರ್ಥ. ನಮ್ಮ ಕೆಲಸಕ್ಕೆ ಅದು ಸಾಕು.

ಮೋಸ ಇರೋದು ಬೇರೆ ಕಡೆ. ಫುಟ್‌ಪಾತ್‌ನಲ್ಲಿ, ಸಂತೆಯಲ್ಲಿ ಅಗ್ಗಕ್ಕೆ 512 ಜಿಬಿ, ಒಂದು ಟಿಬಿ ಅಂತ ಮಾರ್ತಾರಲ್ಲ, ಅದರೊಳಗೆ ನಿಜಕ್ಕೂ ಇರೋದು ಎಂಟೋ ಹದಿನಾರೋ ಜಿಬಿ ಇರಬಹುದು. ಫೋನಿಗೆ ಸುಳ್ಳು ಸೈಜು ಹೇಳೋ ಹಾಗೆ ಮಾಡಿರ್ತಾರೆ. ನಿಜವಾದ ಜಾಗ ತುಂಬೋವರೆಗೂ ಚೆನ್ನಾಗೇ ಕೆಲಸ ಮಾಡುತ್ತೆ. ಆಮೇಲೆ ಹಾಕಿದ್ದೆಲ್ಲ ಹೆಸರು ಕಾಣುತ್ತೆ, ಫೋಟೊ ತೆರೆಯಲ್ಲ. ಕಳಪೆ ಬೀಜದ ಹಾಗೇನೆ, ಮೊಳಕೆ ಬರೋವರೆಗೂ ಗೊತ್ತಾಗಲ್ಲ. ಬಿಲ್ ಕೊಡೋ ಅಂಗಡಿಯಲ್ಲೇ ತಗೊಳ್ಳಿ. ತಂದ ದಿನವೇ ಕಾರ್ಡ್ ಪೂರ್ತಿ ತುಂಬೋ ಹಾಗೆ ವಿಡಿಯೊ ಕಾಪಿ ಮಾಡಿ, ಮೊದಲನೆಯದು, ನಡುವಿನದು, ಕೊನೆಯದು ತೆರೆದು ನೋಡಿ. ಮನೆಯಲ್ಲಿ ಕಂಪ್ಯೂಟರ್ ಇದ್ರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ತಂತ್ರಾಂಶ ಇದೇ ಕೆಲಸ ಮಾಡುತ್ತೆ. ಬೀಜ ಹಾಕೋ ಮುಂಚೆ ಮೊಳಕೆ ಕಟ್ಟಿ ನೋಡ್ತೀವಲ್ಲ, ಹಾಗೆ.

ಈಗ ಮುಖ್ಯವಾದ ಜಾಗ. ಹೊಸ ಕಾರ್ಡ್ ಹಾಕಿದಾಗ ಕೆಲವು ಫೋನ್‌ಗಳು ಒಂದು ಪ್ರಶ್ನೆ ಕೇಳ್ತವೆ: ಇದನ್ನ ಫೋನಿನ ಒಳಗಿನ ಸಂಗ್ರಹ ಮಾಡ್ಲಾ, ಇಲ್ಲ ಪೋರ್ಟಬಲ್ ಸಂಗ್ರಹ ಮಾಡ್ಲಾ ಅಂತ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈ ವ್ಯವಸ್ಥೆ ಇದೆ. "ಒಳಗಿನ ಸಂಗ್ರಹ" ಅಂತ ಒತ್ತಿದ್ರೆ ಫೋನಿನ ಜಾಗ ಜಾಸ್ತಿ ಆದ ಹಾಗೆ ಕಾಣುತ್ತೆ, ಆ್ಯಪ್‌ಗಳೂ ಅಲ್ಲಿಗೆ ಹೋಗ್ತವೆ. ಎಲ್ಲರಿಗೂ ಅದೇ ಆಸೆ. ಆದ್ರೆ ಆಗ ಕಾರ್ಡ್ ಆ ಒಂದು ಫೋನಿಗೆ ಬೀಗ ಹಾಕಿದ ಹಾಗೆ. ಬೀಗದ ಕೈ ಆ ಫೋನಿನೊಳಗೆ ಇರುತ್ತೆ. ನಾಳೆ ಫೋನ್ ತೊಟ್ಟಿಗೆ ಬಿತ್ತು, ಟ್ರ್ಯಾಕ್ಟರ್ ಚಕ್ರದಡಿ ಹೋಯ್ತು ಅಂದ್ರೆ ಕಾರ್ಡ್ ಚೆನ್ನಾಗಿದ್ರೂ ಬೇರೆ ಯಾವ ಫೋನಲ್ಲೂ ಓದೋಕಾಗಲ್ಲ.

ನಮ್ಮಂಥೋರಿಗೆ "ಪೋರ್ಟಬಲ್" ಒಂದೇ ಸರಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಕಾರ್ಡ್ ಹಾಕೋದೇ ಫೋನ್ ಸತ್ತರೂ ಫೋಟೊ ಬದುಕಲಿ ಅಂತ. ಪೋರ್ಟಬಲ್ ಮಾಡಿದ್ರೆ ತೆಗೆದು ಇನ್ನೊಂದು ಫೋನಿಗೆ ಹಾಕಿದ್ರೆ ಸಾಕು. ಒಂದು ಎಚ್ಚರ: ಯಾವುದೇ ರೀತಿ ಫಾರ್ಮ್ಯಾಟ್ ಮಾಡಿದ್ರೂ ಕಾರ್ಡಿನಲ್ಲಿ ಇದ್ದದ್ದು ಅಳಿಸಿಹೋಗುತ್ತೆ. ಹಳೇ ಕಾರ್ಡಾದ್ರೆ ಮೊದಲು ಬೇರೆ ಕಡೆ ಕಾಪಿ ಇಟ್ಕೊಳ್ಳಿ.

ಕಾರ್ಡ್ ಹಾಕಿದ ಮಾತ್ರಕ್ಕೆ ಫೋಟೊ ತಾನಾಗೇ ಅಲ್ಲಿಗೆ ಹೋಗಲ್ಲ. ಕ್ಯಾಮೆರಾ ತೆರೆದು ಅದರ ಸೆಟ್ಟಿಂಗ್‌ನಲ್ಲಿ ಸಂಗ್ರಹದ ಜಾಗ ಎಸ್‌ಡಿ ಕಾರ್ಡ್ ಅಂತ ಬದಲಾಯಿಸಬೇಕು. ಅಲ್ಲೇ ಲೊಕೇಶನ್ ಅಂತ ಇರುತ್ತೆ, ಅದನ್ನೂ ಆನ್ ಮಾಡಿ. ಆಗ ಫೋಟೊ ಒಳಗೇ ತಾರೀಖು, ಸಮಯ, ಜಾಗ ಸೇರಿಕೊಳ್ಳುತ್ತೆ. ಎಸ್‌ಡಿ ಕಾರ್ಡ್ ಅನ್ನೋ ಆಯ್ಕೆ ಇಲ್ಲದ ಫೋನ್‌ಗಳಲ್ಲಿ ಫೈಲ್ಸ್ ಆ್ಯಪ್ ಮೂಲಕ ವಾರಕ್ಕೊಮ್ಮೆ ಕಾರ್ಡಿಗೆ ಸಾಗಿಸಿ.

ವಾಟ್ಸ್ಆ್ಯಪ್ ಬಗ್ಗೆ ಒಂದು ಮಾತು. "ಮಗನಿಗೆ ವಾಟ್ಸ್ಆ್ಯಪ್ ಮಾಡಿದ್ದೀನಿ, ಅಲ್ಲಿರುತ್ತೆ ಬಿಡು" ಅಂತ ಬಹಳ ಜನ ಅಂತಾರೆ. ಮಾಮೂಲಾಗಿ ಕಳಿಸಿದ ಫೋಟೊ ಸಣ್ಣದಾಗುತ್ತೆ, ಅದರೊಳಗಿನ ಜಾಗದ ಗುರುತೂ, ತೆಗೆದ ತಾರೀಖೂ ಹೊರಟುಹೋಗುತ್ತೆ. ದಾಖಲೆಗೆ ಬೇಕಾದ ಫೋಟೊನ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಆಗ ಇದ್ದ ಹಾಗೇ ಹೋಗುತ್ತೆ. ಮೂಲ ಫೋಟೊನ ಕ್ರಾಪ್ ಮಾಡೋದು, ಮೇಲೆ ಬರೆಯೋದು ಮಾಡಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆ ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ಅದನ್ನ ವಕೀಲರು ನೋಡ್ಕೋತಾರೆ. ಮೂಲ ಫೈಲು ಕೆಡದ ಹಾಗೆ ಇಡೋದು ನಮ್ಮ ಕೆಲಸ.

ಕಾರ್ಡಿನಲ್ಲಿ ಫೋಲ್ಡರ್ ಮಾಡಿ. ಸರ್ವೆ ನಂಬರ್‌ಗೆ ಒಂದು, ಅದರೊಳಗೆ "2025 ಮುಂಗಾರು", "2025 ಹಿಂಗಾರು" ಅಂತ. ಪ್ರತಿ ಸರ್ವೆ ನಂಬರಿಗೆ ಬಿತ್ತಿದಾಗ, ಪೈರು ಮೊಣಕಾಲುದ್ದ ಬಂದಾಗ, ಕುಯ್ಲಿಗೆ ಮುಂಚೆ, ಹೀಗೆ ಮೂರು ಸಲ. ಬದು, ಕಲ್ಲು, ದೊಡ್ಡ ಮರ ಯಾವುದಾದರೂ ಒಂದು ಗುರುತು ಫೋಟೊದಲ್ಲಿ ಕಾಣಲಿ. ಬರೀ ಪೈರು ತೆಗೆದ್ರೆ ಯಾರ ಹೊಲವೋ ಅಂತಾರೆ.

ಕಾರ್ಡಿಗೂ ಆಯಸ್ಸಿದೆ, ಅದನ್ನ ಮುಚ್ಚಿಡಲ್ಲ. ಬರೆದು ಅಳಿಸಿ ಸವೆಯುತ್ತೆ, ಒಂದು ದಿನ ಹೇಳದೆ ಕೇಳದೆ ಹೋಗುತ್ತೆ. ಅದಕ್ಕೇ ಕಾರ್ಡ್ ಒಂದನ್ನೇ ನಂಬಬೇಡಿ. ತಿಂಗಳಿಗೊಮ್ಮೆ, ಅಮಾವಾಸ್ಯೆ ದಿನ ಅಂತಲೇ ಇಟ್ಕೊಳ್ಳಿ, ಒಟಿಜಿ ಪೆನ್‌ಡ್ರೈವ್‌ಗೆ ಎಲ್ಲಾ ಕಾಪಿ ಮಾಡಿ ಬೀರುವಿನಲ್ಲಿ ಪತ್ರಗಳ ಜೊತೆ ಇಡಿ. ಕ್ಲೌಡ್ ಬೇಡ ಅನ್ನಲ್ಲ. ಗೂಗಲ್‌ನಲ್ಲಿ ಉಚಿತ 15 ಜಿಬಿ ಇದೆ, ಆದ್ರೆ ಮೇಲ್, ಫೋಟೊ, ಈಗ ವಾಟ್ಸ್ಆ್ಯಪ್ ಬ್ಯಾಕಪ್ಪು ಎಲ್ಲಾ ಸೇರಿ ಅಷ್ಟು. ಮುಖ್ಯವಾದ ಹತ್ತಿಪ್ಪತ್ತು ಫೋಟೊ ಅಲ್ಲಿಡಿ. ಬಿತ್ತನೆ ರಾಗಿನ ನಮ್ಮ ಹಿರಿಯರು ಒಂದೇ ಮಡಕೆಯಲ್ಲಿ ಇಡ್ತಿರಲಿಲ್ಲ.

"ಕಾರ್ಡ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡ್ಲಾ" ಅಂತ ಫೋನ್ ಕೇಳಿದ್ರೆ ಗಾಬರಿಯಲ್ಲಿ ಒತ್ತಬೇಡಿ. ಕಾರ್ಡ್ ತೆಗೆದು, ಅದರ ಮೇಲೆ ಹೊಸದೇನೂ ಬರೆಯದೆ, ಕಂಪ್ಯೂಟರ್ ಗೊತ್ತಿರೋರ ಹತ್ರ ಕೊಡಿ. ಫೋಟೊರೆಕ್ ಅನ್ನೋ ಉಚಿತ ತಂತ್ರಾಂಶದಲ್ಲಿ ಎಷ್ಟೋ ಸಲ ಫೋಟೊ ವಾಪಸ್ ಬರ್ತವೆ. ಕಾರ್ಡ್ ಹೊರಗೆ ತೆಗೆಯುವಾಗ ಮೊದಲು ಸೆಟ್ಟಿಂಗ್‌ನಲ್ಲಿ ಎಜೆಕ್ಟ್ ಕೊಡಿ, ಇಲ್ಲ ಫೋನ್ ಆಫ್ ಮಾಡಿ. ಬೆವರು ಕೈ, ಮಣ್ಣು ಕೈಯಲ್ಲಿ ಮುಟ್ಟಬೇಡಿ.

ಪೋರ್ಟಬಲ್ ಕಾರ್ಡಿಗೆ ಒಂದು ತೊಂದರೆನೂ ಇದೆ. ಬೀಗ ಇಲ್ಲದ್ದರಿಂದ ಸಿಕ್ಕಿದವರು ಯಾರು ಬೇಕಾದ್ರೂ ಓದಬಹುದು. ಹಾಗಾಗಿ ಆಧಾರ್, ಪಾಸ್‌ಬುಕ್, ಮನೆ ಹೆಣ್ಣುಮಕ್ಕಳ ಫೋಟೊ ಅದರಲ್ಲಿ ಬೇಡ. ಆಧಾರ್‌ಗೆ ಡಿಜಿಲಾಕರ್ ಇದೆ. ಫೋನ್ ರಿಪೇರಿಗೆ ಕೊಡುವಾಗ, ಮಾರುವಾಗ ಸಿಮ್ ಜೊತೆ ಕಾರ್ಡನ್ನೂ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಕೊನೆಗೆ ಇಲಾಖೆಗೂ ಒಂದು ಮಾತು. ಬೆಳೆ ಸಮೀಕ್ಷೆ ನೀವೇ ಮಾಡಿ ಅಂತ ನಮಗೆ ಹೇಳಿದ್ದೀರಿ, ಒಳ್ಳೇದು. ಆದ್ರೆ ಆ್ಯಪ್‌ಗೆ ಹಾಕಿದ ಫೋಟೊ ನಿಮ್ಮ ಹತ್ರ ಹೋಯ್ತು, ನಮ್ಮ ಹತ್ರ ಏನು ಉಳೀತು? ರೈತ ಸಂಪರ್ಕ ಕೇಂದ್ರದಲ್ಲಿ ಮುಂಗಾರಿಗೆ ಬೀಜ ಕೊಡೋ ದಿನ ಎಲ್ಲರೂ ಸಾಲಲ್ಲಿ ನಿಂತಿರ್ತೀವಿ. ಅವತ್ತೇ ಅರ್ಧ ಗಂಟೆ, ಫೋಟೊ ತೆಗೆಯೋದು, ಕಾರ್ಡಿನಲ್ಲಿ ಇಡೋದು, ಕಾಪಿ ಮಾಡೋದು ಹೇಳಿಕೊಟ್ರೆ ಆಮೇಲಿನ ಎಷ್ಟೋ ಆಕ್ಷೇಪಣೆ, ಅಲೆದಾಟ ತಪ್ಪುತ್ತೆ. ಇಲಾಖೆ ಮಾಡೋವರೆಗೂ ಕಾಯೋದೂ ಬೇಡ. ಊರಲ್ಲಿ ಓದ್ತಿರೋ ಮಕ್ಕಳಿದ್ದಾರೆ, ಒಂದು ಭಾನುವಾರ ಅರಳಿಕಟ್ಟೆ ಮೇಲೆ ಕೂರಿಸಿ ನಾಲ್ಕು ಜನರ ಫೋನ್ ಸರಿ ಮಾಡಿಸಿ.

ಈ ಸಲದ ಪೈರು ಇನ್ನೂ ಹೊಲದಲ್ಲೇ ಇರೋರು ಇವತ್ತು ಸಂಜೆನೇ ಮೊದಲ ಫೋಟೊ ತೆಗೀರಿ. ಕಾರ್ಡ್ ನಾಳೆ ತಂದ್ರೂ ನಡೆಯುತ್ತೆ.