ಮಯ್ಯಿತ್ ಪುಟದಲ್ಲಿ ಅಂಗಡಿ ಇಡುವುದು ಬೇಡ

ಕಳೆದ ಸಭೆಯಲ್ಲಿ ನಮ್ಮ ಸಂಘಟನೆಯ ವೆಬ್‌ಸೈಟಿಗೆ ಜಾಹೀರಾತು ಹಾಕುವ ಮಾತು ಬಂತು. ಬರಲೇಬೇಕಿತ್ತು. ಸರ್ವರ್ ಬಾಡಿಗೆ, ಡೊಮೈನ್ ನವೀಕರಣ ಅಂತ ಪ್ರತಿ ವರ್ಷ ಯಾರಾದರೊಬ್ಬ ಹಾಜಿಯವರ ಕಿಸೆಗೆ ಕೈ ಹಾಕುವುದು ಎಷ್ಟು ದಿನ? ಲೆಕ್ಕಪತ್ರ ನೋಡುವ ನಾವು ಮೂವರು ಜಾಹೀರಾತಿನ ವಿರೋಧಿಗಳಲ್ಲ. ಎರಡು ವರ್ಷದಿಂದ ಅದನ್ನು ಕೇಳುತ್ತಾ ಬಂದವರೇ ನಾವು. ನಮ್ಮ ತಕರಾರು ಇರುವುದು ಸಭೆಯ ಕೊನೆಗೆ, ಬಿರಿಯಾನಿಯ ಪಾತ್ರೆ ಒಳಗೆ ಬರುವ ಗಡಿಬಿಡಿಯಲ್ಲಿ ಆದ ತೀರ್ಮಾನಕ್ಕೆ: "ಯಾವ ಪುಟಕ್ಕೆ ಜನ ಹೆಚ್ಚು ಬರ್ತಾರೋ ಆ ಪುಟಕ್ಕೇ ಹಾಕಿ."

ಕೇಳಲಿಕ್ಕೆ ಸರಿಯೇ. ಅಂಗಡಿ ಇಡುವವನು ಜನ ಓಡಾಡುವ ರಸ್ತೆ ನೋಡಿಯೇ ಇಡುವುದು. ಆದರೆ ನಮ್ಮ ಸೈಟಿನಲ್ಲಿ ಆ ರಸ್ತೆ ಯಾವುದು ಅಂತ ಯಾರೂ ಕೇಳಲಿಲ್ಲ. ನಾವು ಮರುದಿನ ತೆಗೆದು ನೋಡಿದೆವು. ಅಧ್ಯಕ್ಷರ ಸಂದೇಶ ಅಲ್ಲ, ವಾರ್ಷಿಕೋತ್ಸವದ ಫೋಟೋಗಳೂ ಅಲ್ಲ. ಮೊದಲನೆಯದು ಮಯ್ಯಿತ್ ಊರಿಗೆ ಕಳಿಸುವ ಕ್ರಮದ ಪುಟ. ಎರಡನೆಯದು, ಸಂಬಳ ಸಿಗದಿದ್ದರೆ ಎಲ್ಲಿ ದೂರು ಕೊಡಬೇಕು ಎಂಬುದು. ಮೂರನೆಯದು, ಸಿಕ್ಕಿದ ಆಫರ್ ಲೆಟರ್ ಅಸಲಿಯೋ ನಕಲಿಯೋ ನೋಡುವ ಬಗೆ. ಆಮೇಲೆ ರಕ್ತದಾನಿಗಳ ಪುಟ.

ಈ ಪುಟಗಳಿಗೆ ಜನ ಪುರುಸೊತ್ತಿನಲ್ಲಿ ಬರುವುದಲ್ಲ. ರಾತ್ರಿ ಒಂದು ಗಂಟೆಗೆ ರೂಮಿನಲ್ಲಿ ಒಬ್ಬರು ತೀರಿಹೋಗಿರುತ್ತಾರೆ. ಅದೇ ಕಾಟಿನ ಮೇಲೆ ಮಲಗುವ ಹುಡುಗ ನಡುಗುವ ಕೈಯಲ್ಲಿ ಫೋನ್ ಹಿಡಿದು ಹುಡುಕುತ್ತಾನೆ. ಮರಣ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ, ಪೊಲೀಸರ ಕಾಗದ ಯಾವುದು, ಪಾಸ್‌ಪೋರ್ಟ್ ರದ್ದು ಮಾಡಿಸಿ ಕಾನ್ಸುಲೇಟಿನ ಎನ್‌ಒಸಿ ತರುವುದು ಹೇಗೆ, ಎಂಬಾಮಿಂಗ್ ಯಾವಾಗ, ವಿಮಾನದ ಬುಕ್ಕಿಂಗ್ ಯಾರು ಮಾಡುವುದು. ಊರಿನಲ್ಲಿ ಅವರ ಉಮ್ಮನಿಗೆ ಇನ್ನೂ ಯಾರೂ ಹೇಳಿಲ್ಲ. ಆ ಹುಡುಗನಿಗೂ ನಮ್ಮ ಸ್ವಯಂಸೇವಕರ ನಂಬರಿಗೂ ನಡುವೆ ಒಂದು ಸೇಲ್ ಬೋರ್ಡ್ ನಿಲ್ಲಿಸಬೇಕಾ ಮಾರಾಯ್ರೇ?

ನಮ್ಮ ಸ್ಮರಣ ಸಂಚಿಕೆಗಳನ್ನು ತೆಗೆದು ನೋಡಿ. ಮುಖಪುಟದ ಒಳಗೆ ಜಾಹೀರಾತು ಉಂಟು, ಹಿಂದೆ ಉಂಟು, ನಡುವೆಯೂ ಉಂಟು. ಅಗಲಿದವರ ಫೋಟೋ ಇರುವ ಪುಟದಲ್ಲಿ ಒಮ್ಮೆಯೂ ಇಲ್ಲ. ಅದಕ್ಕೆ ಯಾರೂ ಠರಾವು ಮಾಡಿರಲಿಲ್ಲ. ಪ್ರೆಸ್ಸಿನವನಿಗೂ ಗೊತ್ತಿತ್ತು.

ಇದಾದರೂ ಮರ್ಯಾದೆಯ ವಿಷಯ ಅಂತ ಬಿಡಬಹುದು. ಅಪಾಯ ಇರುವುದು ಬೇರೆ ಕಡೆ. ಸಮಿತಿ ಹಾಕಬೇಕೆನ್ನುವುದು ಗೂಗಲ್‌ನ ಸ್ವಯಂಚಾಲಿತ ಜಾಹೀರಾತು. ಅದನ್ನು ನಾವು ಆರಿಸುವುದಿಲ್ಲ. ಪುಟದಲ್ಲಿ ಯಾವ ವಿಷಯ ಉಂಟು, ನೋಡುವವನು ಎಲ್ಲಿದ್ದಾನೆ, ಈ ಮೊದಲು ಏನೆಲ್ಲ ನೋಡಿದ್ದಾನೆ ಎಂಬುದನ್ನು ಲೆಕ್ಕ ಹಾಕಿ ಅದೇ ತಂದು ಹಾಕುತ್ತದೆ. ಸಂಬಳ ಬರಲಿಲ್ಲ ಅಂತ ಬರೆದ ಪುಟಕ್ಕೆ ಸಾಲದ ಜಾಹೀರಾತು ಬರುವುದರಲ್ಲಿ ಆಶ್ಚರ್ಯ ಇಲ್ಲ. ವಿಸಾ, ಕೆಲಸ ಎಂಬ ಶಬ್ದ ಇರುವಲ್ಲಿಗೆ ಏಜೆಂಟರು ಬರುತ್ತಾರೆ. ಮೋಸ ಹೋಗಬೇಡಿ ಎಂಬ ಬುದ್ಧಿಮಾತಿನ ಪುಟವೇ ಮೋಸಗಾರನಿಗೆ ಒಳ್ಳೆಯ ಜಾಗ. ಅವನಿಗೆ ಬೇಕಾದ ಗಿರಾಕಿ ಅಲ್ಲಿಯೇ ಸಿಗುವುದು.

ಇದು ಊಹೆ ಅಲ್ಲ. ತೀರ್ಮಾನಕ್ಕೂ ಮೊದಲು ನಮ್ಮ ತಾಂತ್ರಿಕ ತಂಡದವರು ಹತ್ತು ದಿನ ಪರೀಕ್ಷೆಗೆ ಅಂತ ಇದನ್ನು ಚಾಲೂ ಮಾಡಿದ್ದರು. ಆಗ ಅಜ್ಮಾನಿನ ಲೇಬರ್ ಕ್ಯಾಂಪಿನಿಂದ ಒಬ್ಬ ತಮ್ಮ ಸ್ಕ್ರೀನ್‌ಶಾಟ್ ಕಳಿಸಿದ. ಮೇಲೆ ನಮ್ಮದೇ ಬರಹ: ಭಾರತದಿಂದ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು, ಇ-ಮೈಗ್ರೇಟ್‌ನಲ್ಲಿ ಅವನ ಹೆಸರು ನೋಡಿ, ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಮೀರಬಾರದು, ರಸೀದಿ ಕೇಳಿ, ಯುಎಇ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಕಾರ್ಮಿಕನ ಮೇಲೆ ಹಾಕುವ ಹಾಗಿಲ್ಲ. ಅದರ ಕೆಳಗೆ, ನಮ್ಮ ಹಸಿರು ಬಣ್ಣದ ಪಕ್ಕದಲ್ಲಿಯೇ, ಯುರೋಪಿಗೆ ವರ್ಕ್ ವಿಸಾ, ಇಂಟರ್‌ವ್ಯೂ ಇಲ್ಲ, ಇಂದೇ ಹಣ ಕಟ್ಟಿ. ತಮ್ಮನ ಪ್ರಶ್ನೆ ಇಷ್ಟೇ: "ಕಾಕ, ಇದು ನಿಮ್ಮ ಕಡೆಯಿಂದಲೇ ಅಲ್ವಾ? ಕಟ್ಟಬಹುದಾ?"

ಅವನು ಕೇಳಿದ, ಅಲ್‌ಹಮ್ದುಲಿಲ್ಲಾಹ್. ಕೇಳದೆ ಕಟ್ಟಿದವರು ಇದ್ದರೆ ಅವರ ಸುದ್ದಿ ನಮಗೆ ಬರುವುದಿಲ್ಲ. ಫ್ರೀ ವಿಸಾ ಅಂತ ಬಂದು ಮೋಸ ಹೋದವರು ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ? ಸಂಘಟನೆಯವರು ಹಾಕಿದ್ದಾರೆ ಅಂದ ಮೇಲೆ ಅದು ಸಂಘಟನೆಯ ಜಾಮೀನು ಅಂತಲೇ ನಮ್ಮ ಜನ ತಿಳಿಯುವುದು. ಜಾಹೀರಾತು ಎಂಬ ಸಣ್ಣ ಅಕ್ಷರವನ್ನು ಆ ಹೊತ್ತಿನಲ್ಲಿ ಯಾರು ಓದುತ್ತಾರೆ?

ಇದನ್ನು ತೋರಿಸಿದಾಗ ಸಮಿತಿಯ ಹಿರಿಯರೊಬ್ಬರು ತಮ್ಮ ಫೋನ್ ತೆಗೆದು, "ನನಗೆ ಕಾರಿನ ಜಾಹೀರಾತು ಮಾತ್ರ ಬರ್ತಾ ಉಂಟಲ್ಲ" ಅಂದರು. ಬರದೆ ಏನು? ಅವರು ನೋಡುವುದು ಕಾರು. ಕೆಲಸ ಹೋದವನು ವಾರದಿಂದ ಹುಡುಕುವುದು ವಿಸಾ. ಒಂದೇ ಪುಟ, ಎರಡು ಫೋನು, ಎರಡು ಜಾಹೀರಾತು. ನಮ್ಮ ಫೋನಿನಲ್ಲಿ ನೋಡಿ ಸರಿ ಉಂಟು ಅಂತ ಸಹಿ ಹಾಕುವುದು, ಕ್ಯಾಶ್ ಎಣಿಸದೆ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿದ ಹಾಗೆ.

ಕೆಟ್ಟ ಜಾಹೀರಾತನ್ನು ತಡೆಯಬಹುದು ಎನ್ನುತ್ತಾರೆ. ಹೌದು, ಜೂಜು, ಡೇಟಿಂಗ್, ಜ್ಯೋತಿಷ್ಯದಂಥ ವರ್ಗಗಳನ್ನು ಬಂದ್ ಮಾಡುವ ಸೌಲಭ್ಯ ಉಂಟು. ಬಡ್ಡಿ ಸಾಲವನ್ನೂ ಮೊದಲು ಬಂದ್ ಮಾಡಬೇಕು, ಯಾವ ಪುಟವೇ ಆಗಲಿ. ಆದರೆ ನಾನು ಮೋಸಗಾರ ಅಂತ ಹೆಸರು ಬರೆಸಿಕೊಂಡು ಯಾರೂ ಬರುವುದಿಲ್ಲ. ನಕಲಿ ಏಜೆಂಟ್ ಶಿಕ್ಷಣ ಸಲಹೆಗಾರನಾಗಿ ಬರುತ್ತಾನೆ.

ಇನ್ನು ದುಡ್ಡು. ಲೆಕ್ಕಕ್ಕೆ ಅಂತ ಹಿಡಿಯಿರಿ: ಸಾವಿರ ಸಲ ಪುಟ ತೆರೆದರೆ ಒಂದು ಡಾಲರ್, ತಿಂಗಳಿಗೆ ಈ ಪುಟಗಳು 6,000 ಸಲ ತೆರೆಯುತ್ತವೆ. ಆರು ಡಾಲರ್, ಅಂದರೆ 22 ದಿರ್ಹಂ. ದೇರಾದಲ್ಲಿ ಒಬ್ಬರಿಗೆ ಊಟ, ಜೊತೆಗೆ ಒಂದು ಚಾಯ. ಅದೂ ಕೈಗೆ ಬರಬೇಕಾದರೆ ಗೂಗಲ್ ಖಾತೆಯಲ್ಲಿ 100 ಡಾಲರ್ ಆಗಬೇಕು. ಈ ಲೆಕ್ಕದಲ್ಲಿ 17 ತಿಂಗಳು. ಜನರ ನಂಬಿಕೆಯನ್ನು ಇಷ್ಟು ಅಗ್ಗಕ್ಕೆ ಮಾರುವ ವ್ಯಾಪಾರ ನಮ್ಮ ಸರ್ವಿಸಿನಲ್ಲಿ ನೋಡಿಲ್ಲ. ವಾಟ್ಸಾಪಿನಲ್ಲಿ ಇನ್ನೊಬ್ಬರು ಇದಕ್ಕೂ ಉಪಾಯ ಹೇಳಿದರು: ಸದಸ್ಯರೆಲ್ಲ ದಿನಕ್ಕೊಂದು ಸಲ ಕ್ಲಿಕ್ ಮಾಡಲಿ ಅಂತ. ಹಾಗೆ ಮಾಡಿದರೆ ಗೂಗಲ್ ಖಾತೆಯನ್ನೇ ಮುಚ್ಚಬಹುದು. ಅದು ಹೋಗಲಿ, ಜಾಹೀರಾತು ಕೊಟ್ಟವನ ಕಿಸೆಯಿಂದ ಸುಳ್ಳು ಹೇಳಿ ಹಣ ತೆಗೆಯುವುದಕ್ಕೆ ನಾವು ಏನು ಹೆಸರು ಇಡೋಣ?

ಹಾಗಾದರೆ ಎಲ್ಲಿ ಹಾಕುವುದು? ಕ್ರಿಕೆಟ್, ವಾಲಿಬಾಲ್ ಟೂರ್ನಮೆಂಟಿನ ಪುಟಕ್ಕೆ ಹಾಕಿ. ಊರ ಸುದ್ದಿ, ಇಫ್ತಾರ್ ಕೂಟದ ಫೋಟೋ, ಅಡುಗೆ ಬರಹ, ಈ ಪತ್ರಿಕೆಯ ಹಳೆ ಸಂಚಿಕೆಗಳು, ಎಲ್ಲಕ್ಕೂ ಹಾಕಿ. ಅಲ್ಲಿಗೆ ಬರುವವನು ಊಟ ಮಾಡಿ ಆರಾಮ ಕೂತವನು. ಬಂಗಾರದ ಅಂಗಡಿ ಕಂಡರೆ ಅವನಿಗೆ ನಷ್ಟ ಇಲ್ಲ. ಅದೂ ಗೂಗಲ್‌ನದ್ದಲ್ಲ, ಇಲ್ಲಿಯ ಪರವಾನಗಿ ನಿಯಮ ನೋಡಿಕೊಂಡು ನಮಗೆ ಗೊತ್ತಿರುವ ಹೋಟೆಲ್, ಕಾರ್ಗೋ, ಟೈಲರ್ ಅಂಗಡಿಯವರದ್ದು, ಬಿಲ್ ಕೊಟ್ಟು. ತಿಂಗಳಿಗೆ 100 ದಿರ್ಹಂ ಕೊಡುವ ಒಬ್ಬರೇ ಸಿಕ್ಕಿದರೂ ಗೂಗಲ್‌ನ 17 ತಿಂಗಳ ಗಳಿಕೆ ನಾಲ್ಕು ತಿಂಗಳಲ್ಲಿ ಬಂತು. ಆ ಪುಟಗಳಿಗೆ ಜನ ಕಡಿಮೆ, ಒಪ್ಪುತ್ತೇವೆ. ಜನ ಬರುವ ಹಾಗೆ ಬರೆಯುವುದು ಪ್ರಚಾರ ಸಮಿತಿಯ ಕೆಲಸ ಅಲ್ವಾ?

ವಿದ್ಯಾರ್ಥಿವೇತನದ ಅರ್ಜಿ ಪುಟದ ಬಗ್ಗೆ ನಮ್ಮ ಮೂವರಲ್ಲಿಯೇ ಒಮ್ಮತ ಇಲ್ಲ. ಒಬ್ಬರು ಹಾಕಬಹುದು ಎನ್ನುತ್ತಾರೆ. ಉಳಿದ ಇಬ್ಬರಿಗೆ ಹೆದರಿಕೆ: ಜಾಹೀರಾತಿನಲ್ಲಿ ದೊಡ್ಡದಾಗಿ ಡೌನ್‌ಲೋಡ್ ಅಂತ ಬಟನ್ ಇರುತ್ತದೆ, ಮಕ್ಕಳು ಅರ್ಜಿ ಅಂತ ಅದನ್ನೇ ಒತ್ತುತ್ತಾರೆ. ಇದನ್ನು ಸಭೆ ತೀರ್ಮಾನಿಸಲಿ.

ಬರುವ ಸಭೆಗೆ ಸೈಟಿನ ಎಲ್ಲ ಪುಟಗಳ ಪಟ್ಟಿಯನ್ನು ನಾವು ಪ್ರಿಂಟ್ ಮಾಡಿ ತರುತ್ತೇವೆ, ಒಂದೊಂದರ ಎದುರು ಹೌದು ಅಥವಾ ಬೇಡ ಅಂತ ಬರೆಯಲು ಜಾಗ ಬಿಟ್ಟು. ಆ ತನಕ ಮಯ್ಯಿತ್, ಸಂಬಳ, ಆಫರ್ ಲೆಟರ್ ಮತ್ತು ರಕ್ತದಾನಿಗಳ ಪುಟಗಳಿಗೆ ಯಾರೂ ಕೈ ಹಾಕಬೇಡಿ. ಮತ್ತೆ ಒಂದು ವಿನಂತಿ, ಈ ವಿಷಯ ಬಿರಿಯಾನಿಗಿಂತ ಮೊದಲು ಬರಲಿ.