ಸಂಪ್ರದಾಯದ ಹೆಸರಿನಲ್ಲಿ ಸಾಂಗ್ರಿಯಾ

ಕಟಲೋನಿಯಾದ ಉತ್ತರ ಕರಾವಳಿಯಲ್ಲಿ ಲೆಸ್ಕಾಲಾ ಎಂಬ ಸಣ್ಣ ಊರಿದೆ. ಬೆರಳುದ್ದದ ಆಂಚೊವಿ ಮೀನನ್ನು ಉಪ್ಪಿನಲ್ಲಿ ಮಾಗಿಸುವುದು ಅಲ್ಲಿನ ಹಳೆಯ ಕಸುಬು. ತಲೆ, ಕರುಳು ತೆಗೆದು, ಪದರಪದರವಾಗಿ ಕಲ್ಲುಪ್ಪು ಹರಡಿ, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಕಾಯಬೇಕು. ಈ ಕಸುಬಿಗೆಂದೇ ಊರಿನಲ್ಲಿ ಮ್ಯೂಸಿಯಂ ಇದೆ.

ಇಂಥ ಕರಾವಳಿಯಲ್ಲಿ ಪ್ರವಾಸಿಗಳಿಗೆ 'ಸಾಂಪ್ರದಾಯಿಕ ಊಟ' ಎಂದು ಪಯೆಯಾ, ಸಾಂಗ್ರಿಯಾ ಬಡಿಸುವುದು ಶುದ್ಧ ಸೋಮಾರಿತನ. ಪಯೆಯಾ ಎಂಬ ಅನ್ನದ ಅಡುಗೆ ವಲೆನ್ಸಿಯಾದ್ದು. ಇಲ್ಲಿಯದು ಸುಕೆಟ್: ಮಾರಾಟವಾಗದ ಮೀನನ್ನು ಬೆಸ್ತರು ತಮಗಾಗಿ ಬೇಯಿಸಿಕೊಳ್ಳುತ್ತಿದ್ದ ಸಾರು. ಬಾದಾಮಿ, ಬೆಳ್ಳುಳ್ಳಿ, ಹುರಿದ ಬ್ರೆಡ್ಡು ಅರೆದು ಹಾಕಿದರೆ ಅದು ಗಟ್ಟಿಯಾಗುತ್ತದೆ. ಜೊತೆಗೆ ಎಂಪೊರ್ದಾ ಸೀಮೆಯ ಗರ್ನಾಚಾ ದ್ರಾಕ್ಷಿಯ ವೈನ್. 1879ರಲ್ಲಿ ಬಂದ ಫಿಲಾಕ್ಸೆರಾ ಕೀಟ ಈ ಸೀಮೆಯ ತೋಟಗಳನ್ನು ಹಾಳುಗೆಡವಿತು. ಬೆಟ್ಟದ ಎಷ್ಟೋ ಕಲ್ಲುಕಟ್ಟೆಯ ತೋಟಗಳು ಮತ್ತೆ ಬಳ್ಳಿ ಕಾಣಲೇ ಇಲ್ಲ. ಉಳಿದ ತೋಟಗಳ ವೈನನ್ನು ಬದಿಗಿಟ್ಟು, ಹಣ್ಣು, ಸಕ್ಕರೆ, ಐಸು ಕಲಸಿದ ಸಾಂಗ್ರಿಯಾ ಕೊಡುವುದು ಯಾವ ನ್ಯಾಯ?

'ಗಿರಾಕಿ ಕೇಳುವುದೇ ಅದನ್ನು' ಎಂಬುದು ಸಿದ್ಧ ಸಮಜಾಯಿಷಿ. ಮೆನುವಿನಲ್ಲೇ ಇಲ್ಲದ್ದನ್ನು ಹೊರಗಿನವನು ಕೇಳುವುದಾದರೂ ಹೇಗೆ? ಬಡತನದ ಅಡುಗೆಯನ್ನು ಮೆರೆಸುವುದೇಕೆ ಎನ್ನಬಹುದು. ಬಡವರ ಅಡುಗೆಯೇ, ನಿಜ. ಆದರೆ ಊರಿನ ಮೀನಿನ ಸುಕೆಟ್ ತಿಂದವನ ದುಡ್ಡು ಊರಿನ ದೋಣಿಗೆ ಸೇರುತ್ತದೆ. ಫ್ರೀಜರಿನ ಪಯೆಯಾದ ದುಡ್ಡು ದೂರದ ಕಾರ್ಖಾನೆಗೆ. ದೋಣಿಗಳು ನಿಂತ ದಿನ ಉಳಿಯುವುದು ಮ್ಯೂಸಿಯಂ ಒಂದೇ.

ಮೀನು ಯಾವ ಬಂದರಿನದು, ವೈನ್ ಯಾವ ಊರಿನದು ಎಂದು ಮೆನುವಿನಲ್ಲಿ ಬರೆಯಲಿ. ಬರೆಯಲಾಗದವರು 'ಸಾಂಪ್ರದಾಯಿಕ' ಎಂಬ ಮಾತನ್ನು ಅಳಿಸಲಿ.